ಟವಲಿನ ಕೆಳಗೊಂದು ಬೆರಳು

ಸಮುದ್ರದಾಚೆ ಹೋಗಿ ನೆಲ ಹಿಡಿದು ಊರು ಕಟ್ಟುತ್ತೇವೆ ಎನ್ನುವವರು ಈಗಲೂ ಹುಮನಾಬಾದಿನ ನನ್ನ ಅಂಗಡಿಗೆ ಸಲಹೆ ಕೇಳಲು ಬರುತ್ತಾರೆ. ನಾನು ತೊಗರಿಯ ದಲಾಲ. ಓದಿದ್ದು ಏಳನೆಯ ಇಯತ್ತೆ. ಆದರೂ ನಮ್ಮ ಕಡೆಯ ಹನ್ನೆರಡು ಮನೆಗಳನ್ನು ಆಫ್ರಿಕಾದ ಮೊಜಾಂಬಿಕಿಗೆ ಕಳಿಸಿದವನು ನಾನೇ ಎಂಬುದು ಎಲ್ಲರಿಗೂ ಗೊತ್ತು. ಬಂದವರಿಗೆ ಚಹಾ ಕುಡಿಸಿ ಹೇಳುತ್ತೇನೆ: ಗುತ್ತಿಗೆಯ ಕಾಗದವನ್ನು ಬೇರೆ ಬೇರೆ ಇಬ್ಬರಿಂದ ಓದಿಸಿರಿ. ನೀರು ನೋಡದೆ ನೆಲ ನೋಡಬೇಡಿರಿ. ಜ್ವರದ ಗುಳಿಗೆ ಇಲ್ಲಿಂದಲೇ ಒಯ್ಯಿರಿ. ಇಷ್ಟನ್ನು ತಲೆಯಾಡಿಸಿ ಕೇಳುತ್ತಾರೆ. ಕೊನೆಯದಾಗಿ, ಬಾರದವರ ಹೆಸರಿನಲ್ಲಿ ಅಲ್ಲಿ ಮನೆ ಕಟ್ಟಬೇಡಿರಿ ಎಂದರೆ ಮಾತ್ರ ಮುಖ ಮುಖ ನೋಡಿಕೊಂಡು ನಗುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ವ್ಯಾಪಾರ ಕಲಿಸಿದವರು ನನ್ನ ಅಕ್ಕನ ಗಂಡ. ಬಸವಕಲ್ಯಾಣದಿಂದ ಹುಲಸೂರಿಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ; ಒಂದೇ ಓಣಿಯಲ್ಲಿ ಮೂರು ಬಾಗಿಲು ಆಚೆಗೆ ಅಕ್ಕನನ್ನು ಕೊಟ್ಟಿದ್ದರು. ಭಾವ ಒಕ್ಕಲುತನದ ಜೊತೆಗೆ ಎತ್ತಿನ ದಲಾಲಿಯನ್ನೂ ಮಾಡುತ್ತಿದ್ದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ, ಎರಡರ ಮೇಲೂ ಒಂದು ಟವಲು. ಅದರ ಕೆಳಗೆ ಬೆರಳು ಹಿಡಿದು ಮಾತು. ಇಡೀ ಬೆರಳು, ಅರ್ಧ ಬೆರಳು, ಗೆಣ್ಣು, ಎಲ್ಲಕ್ಕೂ ಲೆಕ್ಕ ಇದೆ. ಸುತ್ತ ನಿಂತವರಿಗೆ ಕಾಣುವುದು ಟವಲಿನ ಅಲುಗಾಟ ಮಾತ್ರ. ಒಪ್ಪಿಗೆಯಾದರೆ ಹಿಡಿದ ಬೆರಳನ್ನು ತಿರುಗಿ ಒತ್ತಬೇಕು. ಒತ್ತಿದ ಮೇಲೆ ಮುಗಿಯಿತು. ಬಾಯಿಮಾತು ತಪ್ಪಿದವನಿಗೆ ಸಂತೆಯಲ್ಲಿ ಇನ್ನೊಂದು ಅವಕಾಶ ಸಿಗಬಹುದು, ಟವಲಿನ ಕೆಳಗಿನ ಮಾತು ತಪ್ಪಿದವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ.

ಭಾವ ಒಂದು ಗುರುತನ್ನು ತಾವೇ ಮಾಡಿಕೊಂಡಿದ್ದರು. ಕಿರುಬೆರಳನ್ನು ಬುಡದಲ್ಲಿ ಹಿಡಿದು ಸ್ವಲ್ಪ ತಿರುವಿದರೆ ‘ಒಂದಕ್ಕ ಒಂದು’ ಎಂದು ಅರ್ಥ. ರೊಕ್ಕ ಬೇಡ, ನಿನ್ನ ಎತ್ತು ನನಗೆ, ನನ್ನ ಎತ್ತು ನಿನಗೆ. ಈ ಗುರುತು ಅವರನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು.

ನಾನು ಹುಮನಾಬಾದಿಗೆ ಬಂದು ತೊಗರಿಗೆ ಇಳಿದೆ. ಒಂದು ವರ್ಷ ಇಲ್ಲಿಯ ಬೇಳೆ ಮಿಲ್ಲಿಗೆ ಹೊರದೇಶದ ತೊಗರಿ ಬಂತು. ಚೀಲದ ಮೇಲೆ ಗೊತ್ತಿಲ್ಲದ ಅಕ್ಷರ. ಕೈ ಹಾಕಿ ನೋಡಿದೆ. ಕಾಳು ಸಣ್ಣದು, ಬಣ್ಣ ಕೆಂಪು, ಕಸ ಹೆಚ್ಚು, ಆದರೆ ಭಾರ ಇತ್ತು. ಎಲ್ಲಿಯದು, ನೆಲ ಹೇಗಿದೆ, ಯಾರು ಬಿತ್ತುತ್ತಾರೆ ಎಂದು ಕೇಳುತ್ತ ಕೇಳುತ್ತ ಅಲ್ಲಿ ನೆಲ ಗುತ್ತಿಗೆಗೆ ಸಿಗುತ್ತದೆ ಎಂಬಲ್ಲಿಗೆ ಮುಟ್ಟಿದೆ. ಮುಂದಿನ ಮಾತುಕತೆಯನ್ನೆಲ್ಲ ನಾನೇ ಮಾಡಿದೆ. ಹಳ್ಳಿಯಲ್ಲಿ ಹನ್ನೆರಡು ಮನೆಯವರು ಹೊರಟು ನಿಂತರು. ಎಲ್ಲರೂ ನಮ್ಮ ಓಣಿಯವರೇ. ಮುಂದಾಳು ಭಾವ.

ಹೊರಡುವ ಮೊದಲು ಭಾವ ಅಂಗಡಿಗೆ ಬಂದರು.

“ಎಲ್ಲಾರಿಗೂ ದಾರಿ ತೋರಿಸಿದಿ. ನೀ ಬರಾಂಗಿಲ್ಲೇನು?”

“ಬರ್ತೀನ್ರಿ ಭಾವ. ಒಂದು ವರ್ಷ ಬಜಾರ ನೋಡ್ಕೊಂಡು ಬರ್ತೀನಿ.”

“ಬಾಯಿ ಮಾತು ಯಾರಿಗಿ ಬೇಕು? ತಾ ಕೈ.”

ಹೆಗಲ ಮೇಲಿನ ಟವಲನ್ನು ನಮ್ಮ ಕೈಗಳ ಮೇಲೆ ಹಾಕಿದರು. ಕಿರುಬೆರಳ ಬುಡ ಹಿಡಿದು ತಿರುವಿದರು. “ನಾ ಹೊಂಟೀನಿ, ನೀ ಬರ್ತಿ. ಒಂದಕ್ಕ ಒಂದು.” ನಾನು ನಗುತ್ತ ಬೆರಳು ಒತ್ತಿದೆ. ಬಜಾರು ಬಿಟ್ಟು ಹೋಗುವ ಮನಸ್ಸು ನನಗೆ ಅವತ್ತೂ ಇರಲಿಲ್ಲ.

ಅವರು ಅಲ್ಲಿ ಮುಟ್ಟಿದ ಮೇಲೆ ಅಕ್ಕನ ಫೋನು ಶುರುವಾದವು. “ತಮ್ಮಾ, ನಮ್ಮೂರ ಅಗಸಿಯಿಂದ ಬಾವಿಗಿ ಎಷ್ಟು ಹೆಜ್ಜಿ ಆಗ್ತಾವ, ಎಣಿಸಿ ಹೇಳು.” ಬಸ್ಸು ಹಿಡಿದು ಹಳ್ಳಿಗೆ ಹೋಗಿ, ಊರಬಾಗಿಲಿನಿಂದ ಬಾವಿಯ ತನಕ ನಡೆದು ಎಣಿಸಿ ಹೇಳಿದೆ. ಮುಂದಿನ ವಾರ ಮತ್ತೊಂದು ಪ್ರಶ್ನೆ. “ಕಟ್ಟಿ ಮೂಲಿ ಮುರದೈತಲ್ಲ, ಅದು ಎಡಕ್ಕೋ ಬಲಕ್ಕೋ?”

“ಹೊಸಾ ಕಟ್ಟಿ ಕಟ್ಟಾಕತ್ತೀರಿ, ಮುರದ ಮೂಲಿ ಯಾಕ ಬೇಕವಾ ನಿನಗ?”

“ಮೂಲಿ ಸುದ್ದ ಇದ್ರ ಹಿರ್ಯಾರು ಕುಂಡ್ರಾಂಗಿಲ್ಲೋ. ಅವರ್ಗಿ ಗುರ್ತು ಹತ್ತಬೇಕಲ್ಲ.”

ಹಿರಿಯರೆಂದರೆ ಯಾವ ಹಿರಿಯರು, ಹೋದವರಲ್ಲಿ ಭಾವನಿಗಿಂತ ದೊಡ್ಡವರು ಯಾರೂ ಇಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ಕೇಳಲು ಹೋಗಲಿಲ್ಲ.

ವರ್ಷ ತುಂಬುವುದರೊಳಗೆ ಅಕ್ಕನ ಮಗ ಫೋಟೋ ಕಳಿಸಿದ. ಕೆಂಪು ಮಣ್ಣಿನಲ್ಲಿ ನಮ್ಮ ಓಣಿ. ಅದೇ ಸಾಲು, ಅದೇ ತಿರುವು, ಅದೇ ಮುರಿದ ಮೂಲೆಯ ಕಟ್ಟೆ. ಮನೆ ಮಾತ್ರ ಹದಿಮೂರು. ಅಕ್ಕನ ಮನೆಯಿಂದ ಮೂರನೆಯ ಬಾಗಿಲಿಗೆ ಕೀಲಿ. ಫೋಟೋ ದೊಡ್ಡದು ಮಾಡಿ ನೋಡಿದೆ. ನಮ್ಮಪ್ಪನ ಕಾಲದ ಹಿತ್ತಾಳೆಯ ಕೀಲಿ ಅದು. ಅಕ್ಕ ಯಾವಾಗ ಒಯ್ದಳೋ.

“ಅದು ಯಾರ ಮನಿ?” ಅಂದೆ.

“ನಿಂದು. ದಿನಾ ಕಸಾ ಹೊಡಿತೀನಿ. ನೀ ಬರೂ ತನಕ ಹೊಡಿತೀನಿ.”

“ಆ ಜಾಗದಾಗ ತೊಗರಿನಾದ್ರೂ ತುಂಬ್ರಿ, ಸುಮ್ನ ಖಾಲಿ ಬಿದ್ದೈತಿ.”

“ಖಾಲಿ ಎಲ್ಲೈತಿ?” ಅಂದಳು ಅಕ್ಕ. ತಮಾಷೆ ಎಂದುಕೊಂಡೆ.

ಇನ್ನು ಎಳ್ಳ ಅಮಾವಾಸ್ಯೆಯ ಮಾತು. ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಹೊಲದಲ್ಲಿ ಜೋಳ ಎದೆಮಟ್ಟ ನಿಂತಿರುತ್ತದೆ, ಭೂಮಿ ಬಸುರಿ. ಬಸುರಿಯ ಬಯಕೆ ತೀರಿಸಲು ಭಜ್ಜಿ, ರೊಟ್ಟಿ, ಅಂಬಲಿ ಹೊತ್ತುಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ನಡು ಮಧ್ಯಾಹ್ನ ಚರಗ ಚೆಲ್ಲುತ್ತೇವೆ. ಅಡುಗೆಯ ಬುಟ್ಟಿ ಹಿಡಿದು ಒಬ್ಬರು ಮುಂದೆ, ನೀರಿನ ತಂಬಿಗೆ ಹಿಡಿದು ಇನ್ನೊಬ್ಬರು ಹಿಂದೆ. ಮುಂದಿನವರು ಅಡುಗೆಯನ್ನು ಹೊಲಕ್ಕೆ ಎರಚುತ್ತ ‘ಓಲಗ್ಯಾ’ ಎಂದು ಕೂಗುತ್ತಾರೆ. ಹಿಂದಿನವರು ನೀರು ಚಿಮುಕಿಸುತ್ತ ಓಗೊಡುತ್ತಾರೆ. ಹೊಲ ಒಂದು ಸುತ್ತು ಬರುವ ತನಕ ಮುಂದಿನವರು ಹಿಂತಿರುಗಿ ನೋಡುವಂತಿಲ್ಲ. ನಮ್ಮಲ್ಲಿ ಕೂಗುತ್ತಿದ್ದವನು ನಾನು, ಓಗೊಡುತ್ತಿದ್ದವರು ಭಾವ. ಮೊದಲು ಒಂದು ಕೆಮ್ಮು, ಆಮೇಲೆ ದನಿ, ಕೊನೆಯಲ್ಲಿ ಒಂದು ಎಳೆತ. ತಂಬಾಕಿನ ಗಂಟಲು ಅವರದು.

ಹೋದವರು ಒಂದು ತಪ್ಪು ಮಾಡಿದರು. ಪ್ರತಿ ವರ್ಷ ನಾನೇ ಬಸವಕಲ್ಯಾಣದಲ್ಲಿ ಕೊಂಡು ಕಳಿಸುತ್ತಿದ್ದ ಗೋಡೆಯ ಕ್ಯಾಲೆಂಡರು ನೋಡಿಕೊಂಡು, ನಮ್ಮದೇ ದಿನ ಅವರೂ ಎಳ್ಳ ಅಮಾವಾಸ್ಯೆ ಮಾಡಿದರು. ಆ ಹೊತ್ತಿಗೆ ಅಲ್ಲಿ ಬಿತ್ತನೆಯಷ್ಟೇ ಆಗಿರುತ್ತದೆ. ನೆಲ ಬತ್ತಲೆ. ಬಸುರಿಲ್ಲದ ಭೂಮಿಗೆ ಬಯಕೆಯ ಊಟ ಹಾಕಿದರು. ಸುತ್ತಲಿನ ಅಲ್ಲಿಯ ಜನ ಬದುವಿನ ಮೇಲೆ ನಿಂತು, ನೀವು ಯಾರಿಗೆ ಉಣಿಸುತ್ತಿದ್ದೀರಿ ಎಂದು ಕೇಳಿದರಂತೆ. ಅವತ್ತು ರಾತ್ರಿ ಭಾವ ಫೋನಿನಲ್ಲಿ ನಗುತ್ತಲೇ ಹೇಳಿದರು: “ಹನ್ನೆರಡು ಹೊಲದಾಗ ಹನ್ನೆರಡು ಮಂದಿ ಓಗೊಟ್ರು. ದನಿ ಮಾತ್ರ ಒಂದು ಹೆಚ್ಚಿಗಿ ಬಂತು ನೋಡೋ. ನೀ ಏನರ ಬಂದಿದ್ಯೇನು?”

ಅಲ್ಲಿಯ ಮೂರನೆಯ ಮಳೆಗಾಲದಲ್ಲಿ, ನಮಗದು ಚಳಿಗಾಲ, ಜ್ವರ ಬಂದು ಭಾವ ತೀರಿಕೊಂಡರು. ನಮ್ಮ ಪದ್ಧತಿಯಂತೆ ಕುಳ್ಳಿರಿಸಿ, ಅಲ್ಲಿಯ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದರು. ನನಗೆ ಹೋಗಲಾಗಲಿಲ್ಲ. ಪಾಸ್‌ಪೋರ್ಟು ಇದ್ದದ್ದು ನಿಜ, ತೊಗರಿಯ ಸುಗ್ಗಿ ಇದ್ದದ್ದೂ ನಿಜ.

ಆಮೇಲೆ ಆ ಓಣಿ ಕರಗತೊಡಗಿತು. ಕೆಲವರು ಅಲ್ಲಿಯ ಪಟ್ಟಣಕ್ಕೆ ಹೋಗಿ ಅಂಗಡಿ ಹಾಕಿದರು, ಕೆಲವರು ತಿರುಗಿ ಬಂದರು. ಮೂರು ಮನೆ ಉಳಿದವು. ಅದರಲ್ಲೊಂದು ಅಕ್ಕನದು. ಹೋದ ಚಳಿಗಾಲದಲ್ಲಿ ಅವಳ ಮಗ ಅಳುವ ದನಿಯಲ್ಲಿ ಫೋನು ಮಾಡಿದ.

“ಮಾಮಾ, ಅವ್ವ ಉಣ್ಣಾಕತ್ತಿಲ್ರಿ. ಮಧ್ಯಾಹ್ನ ಆತಂದ್ರ ತಂಬಿಗಿ ತಗೊಂಡು ಬಿಸಲಾಗ ಹೊಲಕ್ಕ ಹೋಗಾಕತ್ತಾಳ. ಅಪ್ಪ ಚರಗ ಕೂಗಾಕತ್ತಾನ, ನಾ ಓ ಅನಬೇಕು ಅಂತಾಳ. ನಿನ್ನಿ ಹೊಲದಾಗ ಬಿದ್ದಿದ್ಲು. ಡಾಕ್ಟರು ಹಿಂಗೇ ಆದ್ರ ಉಳಿಯಾಂಗಿಲ್ಲ ಅಂದ್ರು. ಊರಿಗಿ ಕರಕೊಂಡು ಬರ್ತೀನಿ ಅಂದ್ರ ಒಲ್ಲೆ ಅಂತಾಳ್ರಿ.”

“ನಿನಗೂ ಕೇಳಸಾಕತ್ತೈತೇನು?”

“ನನಗ ಕೇಳ್ಸಾಂಗಿಲ್ರಿ. ನನ್ನ ಹೆಂಡ್ತಿಗಿ ಎರಡು ಸಲ ಕೇಳ್ಸೈತಿ.”

ಅಕ್ಕನ ಕೈಗೆ ಫೋನು ಕೊಡು ಎಂದೆ. ಹೇಗಾದರೂ ಮಾಡಿ ಅವಳನ್ನು ಆ ಹೊಲದಿಂದ ಎಬ್ಬಿಸಿ ವಿಮಾನ ಹತ್ತಿಸಬೇಕು. ನನ್ನ ಮಾತು ಕೇಳಿ ಹೋದವಳು. ಅಲ್ಲಿಯ ಬಿಸಿಲಿನಲ್ಲಿ ಬಿದ್ದು ಸತ್ತರೆ ಅದು ನನ್ನ ಕೊರಳಿಗೇ ಬರುವ ಮಾತು.

“ಅಕ್ಕಾ, ಬಂದುಬಿಡು.”

“ನಾ ಬಂದ್ರ ಅವರ್ಗಿ ಯಾರು ಓ ಅನ್ನೋರು? ಇಡೀ ಮಧ್ಯಾಹ್ನ ಕೂಗಾಕತ್ತಾರ. ಗಂಟ್ಲು ಹರದೈತಿ ಅವರ್ದು.”

ಅಳುವವರ ಜೊತೆ ಅಳುತ್ತ ಕೂತರೆ ಕೆಲಸ ಕೆಡುತ್ತದೆ, ಚೌಕಾಶಿಗೆ ಇಳಿಯಬೇಕು. “ಭಾವ ಯಾವತ್ತರ ಮುಂದ ನಿಂತು ಕೂಗಿದ್ದೈತೇನು? ಅವರು ಓಗೊಡೋ ಮನಷ್ಯಾ. ಇಲ್ಲಿ ಯಾರೂ ಕರೀವಲ್ರು ಅಂತ ಅಲ್ಲಿ ತಾವೇ ಕೂಗಾಕತ್ತಾರ. ಎಳ್ಳ ಅಮಾಸಿ ಮುಂದಿನ ವಾರ ಐತಿ. ನಮ್ಮ ಹೊಲದಾಗ ಜೋಳ ನಿಂತೈತಿ. ನಾ ಇಲ್ಲಿಂದ ಕರೀತೀನಿ. ಅಲ್ಲಿ ದನಿ ನಿಂತ್ರ ನೀ ವಿಮಾನ ಹತ್ತಬೇಕು. ನಿಲ್ಲಲಿಲ್ಲಂದ್ರ ನಾ ಮತ್ತ ಬಾ ಅನ್ನಾಂಗಿಲ್ಲ.”

ಅಕ್ಕ ಯೋಚಿಸಿದಳು. “ಮೂರು ದಿನ ನೋಡ್ತೀನಿ. ಮೂರೂ ಮಧ್ಯಾಹ್ನ ದನಿ ಬರಬಾರ್ದು.”

ಗಡುವು ಕೇಳಿದ ಗಿರಾಕಿ ಮನಸ್ಸಿನಲ್ಲಿ ಆಗಲೇ ಒಪ್ಪಿರುತ್ತಾನೆ. ನನಗೆ ಧೈರ್ಯ ಬಂತು. ನಿಜ ಹೇಳುತ್ತೇನೆ, ಇಲ್ಲಿ ಕರೆದರೆ ಭಾವ ಓಗೊಡುತ್ತಾರೆಂದು ನಾನು ನಂಬಿರಲಿಲ್ಲ. ಮುದಿ ಜೀವಕ್ಕೆ ಒಂದು ನೆವ ಬೇಕು, ಕೊಟ್ಟರಾಯಿತು ಎಂದುಕೊಂಡಿದ್ದೆ.

ಅಮಾವಾಸ್ಯೆಯ ದಿನ ಹೆಂಡತಿಯ ಜೊತೆ ಹೊಲಕ್ಕೆ ಹೋದೆ. ಅಕ್ಕನ ಹೊಲ ಅದು. ಅವರು ಹೋದಾಗಿನಿಂದ ನಾನೇ ಮಾಡಿಸುತ್ತಿದ್ದೇನೆ. ಬಸವಕಲ್ಯಾಣದ ರಸ್ತೆಯ ತುಂಬ ಬುತ್ತಿ ಹೊತ್ತ ಜನ, ಟ್ರ್ಯಾಕ್ಟರು, ಟಂಟಂ. ಪೂಜೆ ಮುಗಿಯಿತು. ಹೆಂಡತಿಗೆ ಮೊಣಕಾಲು ನೋವು. ಜೋಳದ ದಂಟಿನ ಕೊಂಪೆಯ ನೆರಳಿನಲ್ಲಿ ಕೂತಳು. ಓಗೊಡಲು ಯಾರೂ ಸಿಗಲಿಲ್ಲ, ತಿರುಗಿ ಬಂದ ಓಣಿಯವರೂ ಅವರವರ ಹೊಲದಲ್ಲಿದ್ದರು. ನೀರು ತುಂಬಿದ ತಂಬಿಗೆಯನ್ನು ಬೇವಿನ ಗಿಡದ ಬುಡದಲ್ಲಿಟ್ಟೆ. ಬುಟ್ಟಿಯನ್ನು ಎಡಗಂಕುಳಲ್ಲಿ ಒತ್ತಿ ಹಿಡಿದು, ಬಲಗೈಯಿಂದ ಎರಚಿದರಾಯಿತು ಎಂದುಕೊಂಡೆ. ಹೆಗಲ ಮೇಲಿದ್ದ ಟವಲು ಜಾರಿ ಎಡಗೈ ಮೇಲೆ ಬಿತ್ತು. ಸರಿಮಾಡಿಕೊಳ್ಳಲಿಲ್ಲ.

“ಓಲಗ್ಯಾ...” ಎಂದೆ. ನಾನೇ ಓಗೊಟ್ಟೆ. ಸುತ್ತಲ ಹೊಲಗಳಿಂದಲೂ ಕೂಗು ಕೇಳುತ್ತಿತ್ತು, ಸುಖ ಅನಿಸಿತು. ಮೊದಲ ಬದು ದಾಟಿದೆ. ಎರಡನೆಯ ಬದುವಿನ ತಿರುವಿನಲ್ಲಿ ಜೋಳ ನನ್ನ ತಲೆಗಿಂತ ಎತ್ತರ ಬೆಳೆದಿತ್ತು. ಅಲ್ಲಿ ಹೊಕ್ಕ ಮೇಲೆ ಸುತ್ತಲಿನ ಕೂಗು ಒಮ್ಮೆಲೇ ನಿಂತಿತು. ಗಾಳಿ ಇರಲಿಲ್ಲ. ಒಂದೇ ಒಂದು ಗರಿ ಅಲುಗುತ್ತಿತ್ತು, ಉಳಿದವು ನಿಂತಿದ್ದವು.

ಕೂಗಿದೆ. ನಾನು ಓಗೊಡಲು ಬಾಯಿ ತೆರೆಯುವ ಮೊದಲೇ, ಬೆನ್ನ ಹಿಂದೆ ಯಾರೋ ಕೆಮ್ಮಿದರು. ಆಮೇಲೆ ದನಿ. ಕೊನೆಯಲ್ಲಿ ಎಳೆತ.

ಕಾಲು ಮುಂದೆ ಹೋಗುತ್ತಿದ್ದವು. ಅವು ನಡೆದದ್ದು ನನ್ನ ಧೈರ್ಯದಿಂದಲ್ಲ, ರೂಢಿಯಿಂದ. ಇನ್ನೊಮ್ಮೆ ಕೂಗಿದೆ, ಇನ್ನೊಮ್ಮೆ ಓಗೊಟ್ಟಿತು. ಹಿಂದೆ ನೆಲದ ಮೇಲೆ ನೀರು ಬೀಳುವ ಸಪ್ಪಳ, ತಟಪಟ. ನನ್ನ ಹಿಮ್ಮಡಿಗೆ ತಣ್ಣಗೆ ಹನಿ ತಾಗಿತು. ತಿರುಗಿ ನೋಡಬಾರದು ಎಂಬ ಕಟ್ಟಳೆ ಯಾಕಿದೆ ಎಂದು ಅಲ್ಲಿಯ ತನಕ ನಾನು ಯೋಚಿಸಿರಲೇ ಇಲ್ಲ.

ಮೂರನೆಯ ಬದುವಿನ ಹತ್ತಿರ ಟವಲಿನ ಕೆಳಗೆ ನನ್ನ ಎಡಗೈಯ ಕಿರುಬೆರಳನ್ನು ಯಾರೋ ಹಿಡಿದರು. ಹಸಿ ಮಣ್ಣು ಹತ್ತಿದ ಕೈ. ಬುಡದಲ್ಲಿ ಹಿಡಿದು ಸ್ವಲ್ಪ ತಿರುವಿದರು.

ದಲಾಲಿಯಲ್ಲಿ ಕೂದಲು ಬೆಳ್ಳಗಾದವನು ನಾನು. ಟವಲಿನ ಕೆಳಗೆ ಬೆರಳು ಬಂದರೆ ನನ್ನ ಕೈ ತಲೆಯನ್ನು ಕೇಳುವುದಿಲ್ಲ. ಎಷ್ಟು, ಯಾತಕ್ಕೆ, ಮಾಲು ಯಾವುದು ಎಂದು ವಿಚಾರಿಸುವ ಮೊದಲೇ ತಿರುಗಿ ಒತ್ತಿಬಿಟ್ಟಿದ್ದೆ.

ಬೆರಳು ಹಗುರಾಯಿತು. ಸುತ್ತಲಿನ ಹೊಲಗಳ ಕೂಗು ಮತ್ತೆ ಕೇಳತೊಡಗಿತು. ಸುತ್ತು ಮುಗಿಸಿ ಕೊಂಪೆಗೆ ಬಂದಾಗ ಹೆಂಡತಿ ಬೇವಿನ ಬುಡದಿಂದ ತಂಬಿಗೆ ಎತ್ತಿ ಬೋರಲು ಮಾಡಿ ತೋರಿಸಿದಳು.

“ಯಾಕ್ರಿ, ನೀರು ಇಲ್ಲೇ ಚೆಲ್ಲಿ ಹೋದ್ರೇನು? ಒಂದು ಹನಿ ಇಲ್ಲ.”

“ನೀ ಏನರ ಕೇಳಿದ್ಯಾ?”

“ಕೇಳಲಾರದೇನ? ನೀವು ಕೂಗಿದ್ರಿ, ಓಗೊಟ್ರಿ. ಥೇಟ್ ನಿಮ್ಮ ಭಾವನ ಹಂಗ ದನಿ ತಗದ್ರಿ. ಅಣಕಿಸಬಾರ್ದು ನೋಡ್ರಿ, ಸತ್ತೋರ್ನ.”

ಅಲ್ಲಿಯ ನಡು ಮಧ್ಯಾಹ್ನ ನಮಗೆ ಮೂರೂವರೆ. ಆ ಹೊತ್ತಿಗೆ ಸರಿಯಾಗಿ ಫೋನು ಬಂತು. ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ಇವತ್ತ ಕರೀಲಿಲ್ಲೋ ತಮ್ಮಾ.” ಮರುದಿನವೂ ಕರೆಯಲಿಲ್ಲ. ಮೂರನೆಯ ದಿನ ಅವಳು ಹೊಲಕ್ಕೇ ಹೋಗಲಿಲ್ಲ. ಹೊಟ್ಟೆ ತುಂಬ ಉಂಡು ಮಲಗಿದಳಂತೆ. ಆ ತಿಂಗಳ ಕೊನೆಯಲ್ಲಿ ಮಗ ಅವಳನ್ನು ಹೈದರಾಬಾದಿನ ತನಕ ತಂದು ಬಿಟ್ಟು ಹೋದ. ನಾನು ಕಾರು ಮಾಡಿಕೊಂಡು ಹೋಗಿ ಕರೆತಂದೆ. ಸೊರಗಿದ್ದಳು, ಆದರೆ ಕಣ್ಣಲ್ಲಿ ಬೆಳಕಿತ್ತು. ಜಹೀರಾಬಾದ್ ದಾಟುತ್ತಲೇ ದಾರಿಯ ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಜಗಳ ತೆಗೆದಳು. ಉಳಿದಳು ಎಂದುಕೊಂಡೆ.

ಹುಮನಾಬಾದಿನ ಮನೆಯಲ್ಲಿ ಅವಳು ಗಂಟು ಬಿಚ್ಚಿ ಮೊದಲು ತೆಗೆದದ್ದು ಹಿತ್ತಾಳೆಯ ಕೀಲಿಯ ಕೈ. “ನಿನ್ನ ಮನೀದು. ಹಾಕ್ಕೊಂಡು ಬಂದೀನಿ.” ಮೇಜಿನ ಖಾನೆಯಲ್ಲಿ ಪಾಸ್‌ಪೋರ್ಟಿನ ಪಕ್ಕ ಇಟ್ಟೆ. ಟವಲಿನ ಕೆಳಗಿನ ಸಂಗತಿಯನ್ನು ಅವಳಿಗೆ ಹೇಳಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಅವಳ ಮಗನ ಫೋನು.

“ಮಾಮಾ, ನೀವು ಆರಾಮ ಅದೀರಲ್ರಿ?”

“ನನಗೇನಾಗೈತಿ? ಅಕ್ಕನೂ ಆರಾಮ ಅದಾಳ.”

“ಹೌದ್ರಿ... ಅಲ್ಲಾ, ಏನಿಲ್ಲ. ಇಲ್ಲಿ ಮಧ್ಯಾಹ್ನ ಮತ್ತ ದನಿ ಬರಾಕತ್ತೈತ್ರಿ. ಹೊಲದಾಗಲ್ಲ. ನಿಮ್ಮ ಮನಿಯಾಗ.”

“ಕೀಲಿ ಐತಲ್ಲೋ?”

“ಕೀಲಿ ಹಂಗೇ ಐತ್ರಿ. ಈ ಸಲ ನನಗೂ ಕೇಳ್ಸಾಕತ್ತೈತಿ. ಯಾರೋ ಕುಂತು ಮಾತಾಡಿದಂಗ. ತೊಗರಿ ತೇವ ಐತಿ, ಇನ್ನಾ ಒಣಗಸ್ರಿ, ಗುತ್ತಿಗಿ ಕಾಗದ ಇಬ್ಬರ ಕಡಿಂದ ಓದಸ್ರಿ ಅಂತ ಬುದ್ಧಿ ಹೇಳಾಕತ್ತೈತಿ.” ನಗಲು ನೋಡಿದ, ಆಗಲಿಲ್ಲ. “ಮಾಮಾ, ದನಿ ನಿಮ್ದೇ ಐತ್ರಿ.”

ಆ ಮಾತನ್ನು ನಗೆಯಲ್ಲಿ ತೇಲಿಸಲು ನೋಡಿದೆ. ಗಂಟಲಿನಿಂದ ಏನೂ ಹೊರಡಲಿಲ್ಲ. ಗಡಿಯಾರ ನೋಡಿದೆ. ಮೂರೂವರೆಯಾಗಿತ್ತು.

ಅವತ್ತಿನಿಂದ ದಿನಾ ಹೀಗೆಯೇ. ಮೂರೂವರೆಗೆ ಸರಿಯಾಗಿ, ಎಂಥ ಗಿರಾಕಿಯ ಮುಂದೆ ಕೂತಿದ್ದರೂ, ನನ್ನ ದನಿ ನಿಲ್ಲುತ್ತದೆ. ಸುಮಾರು ಅರ್ಧ ತಾಸು. ಕಲಬುರ್ಗಿಯ ಡಾಕ್ಟರು ಗಂಟಲಲ್ಲಿ ಕೊಳವೆ ಇಳಿಸಿ ನೋಡಿದರು; ಏನೂ ಇಲ್ಲ, ಮಾತು ಕಡಿಮೆ ಮಾಡಿರಿ ಎಂದರು. ಬಜಾರಿನಲ್ಲಿ ಎಲ್ಲರಿಗೂ ಗೊತ್ತಾಗಿ ಹೋಗಿದೆ. “ಸಾವ್ಕಾರರ ಮೂಕ ಟೈಮ್ ಆತು” ಎಂದು ನಗುತ್ತಾರೆ. ಅಕ್ಕ ಮಾತ್ರ ನಗುವುದಿಲ್ಲ. ಆ ಹೊತ್ತಿಗೆ ಮನೆಯಿಂದ ಚಹಾದ ನೆವ ಮಾಡಿಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾಳೆ. ಅವಳಿಗೆ ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಒಮ್ಮೆ ಖಾನೆ ತೆರೆದು ಪಾಸ್‌ಪೋರ್ಟು ಮುಟ್ಟಿದ್ದನ್ನು ನೋಡಿ, “ಅದನ್ನ ಒಳಗಿಡು” ಎಂದಳು, ಅಷ್ಟೇ.

ಖೊಟ್ಟಿ ವ್ಯಾಪಾರವಾಯಿತು ಎಂದು ನಾನು ದೂರುವುದಿಲ್ಲ. ಅಕ್ಕ ಉಣ್ಣುತ್ತಾಳೆ, ನನ್ನ ಹೆಂಡತಿಯ ಜೊತೆ ಜಗಳವಾಡುತ್ತಾಳೆ, ಬಸವಕಲ್ಯಾಣಕ್ಕೆ ಹೋಗಿ ಹಳೆಯ ಗೆಳತಿಯರನ್ನು ಮಾತಾಡಿಸಿ ಬರುತ್ತಾಳೆ. ಬರುತ್ತೇನೆಂದು ಬೆರಳು ಒತ್ತಿ ಹೋಗದವನು ನಾನು. ಒಂದಕ್ಕ ಒಂದು ಎಂದರೆ ಅಕ್ಕನ ಬದಲಿಗೆ ಇಡೀ ನಾನೇ ಹೋಗಬೇಕಿತ್ತು; ಭಾವ ಅರ್ಧ ತಾಸಿಗೆ ಒಪ್ಪಿದ್ದು ಅವರ ದೊಡ್ಡತನ. ಈಗೀಗ ಆ ಅರ್ಧ ತಾಸು ನಿಮಿಷ ನಿಮಿಷ ಬೆಳೆಯುತ್ತಿದೆಯೇ ಎಂಬ ಅನುಮಾನ ಇದೆ. ನಿನ್ನೆ ನಾಲ್ಕು ಹೊಡೆದ ಮೇಲೂ ದನಿ ಬರಲಿಲ್ಲ.

ಆ ಹೊತ್ತಿನ ವ್ಯಾಪಾರವನ್ನು ಬಿಟ್ಟಿಲ್ಲ. ಗಿರಾಕಿಯ ಕೈ ಹಿಡಿದು ಮೇಲೆ ಟವಲು ಹಾಕಿ ಬೆರಳಲ್ಲೇ ಮುಗಿಸುತ್ತೇನೆ. ಆದರೆ ಈಗ ಒತ್ತುವ ಮೊದಲು ಟವಲಿನ ಅಂಚು ಎತ್ತಿ, ಕೈ ಯಾರದೆಂದು ಒಮ್ಮೆ ನೋಡಿಕೊಳ್ಳುತ್ತೇನೆ.